ವಾದ್ಯದ ಹಿಂದೆ ಹೊರಡುವ ಮುನ್ನ ವಿಚಾರಿಸಿಕೊಳ್ಳುವ ಬಗ್ಗೆ

ಸಂಖ್ಯೆ: ಸಂಪನ/ದೇವನಹಳ್ಳಿ/ವಾದ್ಯ/07/2025-26

ವಿಷಯ: ಸಂಗೀತ ಪರಂಪರೆ ನಡಿಗೆಗೆ ಬಂದವರು ಶವಯಾತ್ರೆಯಲ್ಲಿ ಪಾಲ್ಗೊಂಡಿರುವ ಕುರಿತು.

ಉಲ್ಲೇಖ: 1. ಮಾರ್ಗದರ್ಶಿ ಶ್ರೀ ಮುನಿಕೃಷ್ಣ ಅವರ ಲಿಖಿತ ಸಮಜಾಯಿಷಿ.
2. ಕೋಟೆ ಬಾಗಿಲಲ್ಲಿ ತಂಡದ ಸ್ವಾಗತಕ್ಕೆ ಹಾರ ಹಿಡಿದು ಕಾದಿದ್ದ ಸಿಬ್ಬಂದಿಯ ಮೌಖಿಕ ದೂರು (ಬರೆಯಲಾಗದ ಪದಗಳನ್ನು ಕೈಬಿಡಲಾಗಿದೆ).

ಕಳೆದ ಭಾನುವಾರ ದೇವನಹಳ್ಳಿಯಲ್ಲಿ ಇಲಾಖೆಯ ನಡಿಗೆ ಸಾಗುತ್ತಿದ್ದಾಗ ಎದುರಿನಿಂದ ಬ್ಯಾಂಡ್‌ಸೆಟ್ ಮತ್ತು ಹೂವಿನ ಪಲ್ಲಕ್ಕಿ ಬಂದಿರುತ್ತದೆ. ಅದನ್ನು ಕಾರ್ಯಕ್ರಮದ ಭಾಗವೆಂದೇ ಭಾವಿಸಿ ಶ್ರೀ ಮುನಿಕೃಷ್ಣ ತಂಡವನ್ನು ಅದರ ಹಿಂದೆ ನಡೆಸಿರುತ್ತಾರೆ. ಪಲ್ಲಕ್ಕಿಯಲ್ಲಿದ್ದವರು ಆಯುಷ್ಯವಿಡೀ ಕ್ಲಾರಿನೆಟ್ ಊದಿದ್ದ ಹನುಮಂತರಾಯಪ್ಪನವರು; ಹಿಂದಿನ ದಿನ ತೀರಿಕೊಂಡಿದ್ದರು. ಅಂದು ಮದುವೆ ಮುಹೂರ್ತಗಳಿದ್ದ ಕಾರಣ ನೆಂಟರು ಬೇರೆಡೆ ಹಂಚಿಹೋಗಿ, ಹೆಗಲು ಕೊಡಲೂ ಜನ ಸಾಲದೆ, ನಮ್ಮ ತಂಡದವರು ಅದೂ ಕಾರ್ಯಕ್ರಮವೆಂದೇ ತಿಳಿದು ಹೆಗಲು ಕೊಟ್ಟಿರುತ್ತಾರೆ.

ಸ್ಮಶಾನದ ಗೇಟು ಕಂಡಾಗಲೇ ಮಾರ್ಗದರ್ಶಿಗೆ ವಿಷಯ ತಿಳಿದಿದ್ದು. ಮೃತರ ಪತ್ನಿ ಪಾಪಕ್ಕನವರ ಬಳಿ ಹೋಗಿ, ತಾವು ನೆಂಟರಲ್ಲವೆಂದು ತಿಳಿಸಿ, ಕ್ಷಮೆ ಕೇಳಿ ಹೊರಡಲು ಅನುಮತಿ ಕೋರಿದ್ದಾರೆ. ಅದಕ್ಕೆ ಅವರು, “ಊರೋರ ಮೆರವಣಿಗೆ ಮುಂದೆಲ್ಲ ಇವ್ರೇ ಊದ್ಕೊಂಡು ನಡೀತಿದ್ರು ಕಣಪ್ಪಾ. ಇವ್ರ ಹಿಂದೆ ನಡೆಯೋರು ಇವತ್ತು ನೀವೇ ಸಿಕ್ಕಿದ್ದು. ಮಣ್ಣು ಹಾಕೋಗಂಟ ಇದ್ದು ಹೋಗಿ” ಎಂದಿರುತ್ತಾರೆ. ಯಾರೂ ಹೊರಟಿರುವುದಿಲ್ಲ.

ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಸೂಚಿಸಲಾಗಿದೆ:

1. ವಾದ್ಯ ಕೇಳಿದೊಡನೆ ಹಿಂಬಾಲಿಸತಕ್ಕದ್ದಲ್ಲ. ಅದು ಮದುವೆಯದೋ, ದೇವರದೋ, ಚುನಾವಣೆಯದೋ, ಮರಣದ್ದೋ ಎಂದು ಮೊದಲು ವಿಚಾರಿಸತಕ್ಕದ್ದು.

2. ಪಲ್ಲಕ್ಕಿಯಲ್ಲಿ ಕುಳಿತವರ ಕಣ್ಣು ಮುಚ್ಚಿದ್ದಲ್ಲಿ, “ರಾಗದಲ್ಲಿ ತಲ್ಲೀನರಾಗಿದ್ದಾರೆ” ಎಂದು ಮಾರ್ಗದರ್ಶಿಯು ವಿವರಣೆ ನೀಡತಕ್ಕದ್ದಲ್ಲ.

3. ದಾರಿಗೆ ಎರಚಲು ಕೊಟ್ಟ ಪುರಿಯನ್ನು (ಮಂಡಕ್ಕಿ) ಬೆಂಗಳೂರಿನ ಕು. ಕೀರ್ತನ ಅವರು ಉಪಾಹಾರವೆಂದು ಸೇವಿಸಿ, ಖಾರ ಹಾಕಿಲ್ಲವೆಂದು ದೂರಿರುತ್ತಾರೆ. ಇನ್ನು ಮುಂದೆ ಪುರಿ ಕೈಗೆ ಬಂದಲ್ಲಿ ಅಕ್ಕಪಕ್ಕದವರು ಏನು ಮಾಡುತ್ತಾರೆಂದು ನೋಡಿಕೊಂಡು ಮುಂದುವರಿಯತಕ್ಕದ್ದು.

4. ಕುಣಿಯಲು ಅಭ್ಯಂತರವಿಲ್ಲ. ಆದರೆ ಹತ್ತಿರದ ಸಂಬಂಧಿಕರಿಗಿಂತ ಚೆನ್ನಾಗಿ ಕುಣಿಯತಕ್ಕದ್ದಲ್ಲ.

5. ಅಭಿಪ್ರಾಯ ಪತ್ರದಲ್ಲಿ ಬಹುತೇಕರು “ಮುಂದಿನ ತಿಂಗಳೂ ಇದನ್ನೇ ಏರ್ಪಡಿಸಿ” ಎಂದು ಕೋರಿರುತ್ತಾರೆ. ಸದರಿ ಕೋರಿಕೆಯು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

6. ಪಾಪಕ್ಕನವರ ಮಾತು ಕೇಳಿದ ಮೇಲೂ ಅಲ್ಲಿಂದ ಎದ್ದು ಬರುವ ವಿಧಾನವನ್ನು ನಿಯಮಾವಳಿಯಲ್ಲಿ ಹುಡುಕಲಾಗಿ, ಎಲ್ಲಿಯೂ ದೊರೆತಿರುವುದಿಲ್ಲ. ಆದ್ದರಿಂದ ಶ್ರೀ ಮುನಿಕೃಷ್ಣ ಅವರಿಗೆ ನೀಡಿದ್ದ ನೋಟಿಸನ್ನು ಹಿಂಪಡೆಯಲಾಗಿದೆ.

7. ತಿಥಿಯ ಊಟಕ್ಕೆ ಇಡೀ ತಂಡವನ್ನು ಪಾಪಕ್ಕನವರು ಕರೆದಿರುತ್ತಾರೆ. ಇದಕ್ಕೆ ಪ್ರಯಾಣ ಭತ್ಯೆ ಇರುವುದಿಲ್ಲ. ಆದರೆ ಅಂದು ಕೆಳಸಹಿದಾರರು ಅದೇ ದಿಕ್ಕಿಗೆ, ಅದೇ ಹೊತ್ತಿಗೆ ತಪಾಸಣೆಗೆ ತೆರಳುತ್ತಿರುವುದರಿಂದ ಜೀಪಿನಲ್ಲಿ ಜಾಗವಿರುತ್ತದೆ.

ಸಹಿ/-
ಕಾರ್ಯಕ್ರಮಾಧಿಕಾರಿ (ಪ್ರಭಾರ)

ಪ್ರತಿಗಳು:
1. ಶ್ರೀ ಮುನಿಕೃಷ್ಣ, ಮಾರ್ಗದರ್ಶಿ: ಪಾಲನೆಗಾಗಿ.
2. ಕು. ಕೀರ್ತನ: ಕಲಂ 3ನ್ನು ಎರಡು ಸಲ ಓದಿಕೊಳ್ಳುವ ಕೋರಿಕೆಯೊಂದಿಗೆ.
3. ಜೀಪ್ ಚಾಲಕ ಶ್ರೀ ಸೊಣ್ಣಪ್ಪ: ಖಾಲಿ ಹೊಟ್ಟೆಯಲ್ಲಿ ಹಾಜರಾಗಲು.
4. ಶ್ರೀಮತಿ ಪಾಪಕ್ಕ: ಎಲ್ಲರೂ ಬರುತ್ತಾರೆಂಬ ಮಾಹಿತಿಗಾಗಿ.