ಕೆಂಗಂದು ಪುಡಿಯವರ ಸನ್ನಿಧಾನಕ್ಕೆ, ಸೆಗಾಮೆಟ್ಸಿಯ ಉಸಿರಿನ ವಿಷಯವಾಗಿ

ಮಾನ್ಯ ಪ್ಲಾಟಿನಂ ಟೆಟ್ರಾಕ್ಲೋರೈಡ್ ಅವರೇ,

ರುಸ್ಟೆನ್‌ಬರ್ಗ್ ಸೀಮೆಯ ಶುದ್ಧೀಕರಣ ಕಾರ್ಖಾನೆಯ ಒಣಗಿಸುವ ವಿಭಾಗದವರಾದ ನಾವು ಮೂಗು-ಬಾಯಿ ಮುಚ್ಚಿಕೊಂಡೇ ತಮಗೆ ನಮಸ್ಕರಿಸುತ್ತೇವೆ. ಇದು ಅಗೌರವವಲ್ಲ, ಅನುಭವ.

ತಮ್ಮ ಜನನವೇ ರಾಜಯೋಗದ್ದು. ಯಾರಿಗೂ ಬಗ್ಗದ ಪ್ಲಾಟಿನಂ ಲೋಹವನ್ನು ಎರಡು ಉಗ್ರ ಆಮ್ಲಗಳ ಮಿಶ್ರಣವಾದ ರಾಜದ್ರಾವಣದಲ್ಲಿ ಕರಗಿಸಿ, ಆ ದ್ರಾವಣವನ್ನು ಇಂಗಿಸಿ, ಉಳಿದ ಹರಳನ್ನು ಕ್ಲೋರಿನ್ ಹಾಯಿಸುತ್ತ ಕಾಯಿಸಿದರೆ ತಾವು ಕೆಂಗಂದು ಪುಡಿಯಾಗಿ ದಯಮಾಡಿಸುತ್ತೀರಿ. ಇನ್ನೂ ಕಾಯಿಸಿದರೆ ಕ್ಲೋರಿನ್ನನ್ನೆಲ್ಲ ಕೊಡವಿ ಮತ್ತೆ ಲೋಹವಾಗುತ್ತೀರಿ. ನಮಗೆ ಆ ಸೌಲಭ್ಯವಿಲ್ಲ. ತಾವು ಒಮ್ಮೆ ಎದೆಗಿಳಿದರೆ ನಾವು ಮೊದಲಿನ ಮನುಷ್ಯರಾಗುವುದಿಲ್ಲ. ಗಾಳಿಯ ತೇವವನ್ನೂ ಬಿಡದೆ ಹೀರುವ ತಮ್ಮ ದಾಹಕ್ಕೆ ನಮ್ಮ ಗಂಟಲೂ ಒಂದು ಕೆರೆ.

ಕಂಪನಿಗೂ ತಮ್ಮ ಮೇಲೆ ಬಲು ಪ್ರೀತಿ. ತಾವು ಚಿಟಿಕೆಯಷ್ಟು ಚೆಲ್ಲಿದರೂ ನೆಲ ತೊಳೆದ ನೀರನ್ನು ಸೋಸಿ ತಮ್ಮನ್ನು ಮನೆಗೆ ಕರೆತರುತ್ತಾರೆ. ನಮ್ಮ ಎದೆಯಲ್ಲಿ ಉಳಿದದ್ದನ್ನು ಮಾತ್ರ ಯಾರೂ ವಾಪಸು ಕೇಳಿಲ್ಲ.

ವರ್ಷಕ್ಕೊಮ್ಮೆ ಡಾಕ್ಟರು ನಮ್ಮ ಮುಂಗೈಗೆ ತಮ್ಮ ಹನಿ ಇಟ್ಟು ಚುಚ್ಚುತ್ತಾರೆ. ದದ್ದು ಎದ್ದರೆ ತಾವು ಮೈಗೆ ಒಗ್ಗುತ್ತಿಲ್ಲವೆಂದು ಅರ್ಥ; ಅಂಥವರು ಅಂದೇ ಗೇಟಿನಾಚೆ. ಹಾಗಾಗಿ ಪರೀಕ್ಷೆ ಹತ್ತಿರವಾದರೆ ನಮ್ಮಲ್ಲಿ ನೆಗಡಿ ಮಾತ್ರೆ ನುಂಗುವ ವ್ರತ. ಮಾತ್ರೆ ಒಳಗಿದ್ದರೆ ದದ್ದು ಏಳುವುದಿಲ್ಲ. ನಾವೆಲ್ಲ ಔಸಿ, ಅಂದರೆ ಅಕ್ಕ, ಎಂದು ಕರೆಯುವ ಸೆಗಾಮೆಟ್ಸಿಯೂ ಕೆಮ್ಮನ್ನು ನುಂಗಿ ಮೇಲೆ ಮಾತ್ರೆ ನುಂಗಿದಳು. ಆಕೆಯ ಕೈ ನುಣ್ಣಗಿದ್ದುದನ್ನು ಕಂಡು ಡಾಕ್ಟರು ಅಭಿನಂದಿಸಿದರು. "ಔಸಿ, ನಿನ್ ಕೈ ನಮ್ ಮ್ಯಾನೇಜರ್ ಮನಸ್ಸಿನ ಹಾಗೆ, ಚುಚ್ಚಿದ್ರೂ ಏನೂ ಏಳಲ್ಲ" ಎಂದು ಪಾಳಿಯವರು ಚುಡಾಯಿಸಿದರು. ಸಾಕು, ಈ ಕೆಲಸ ಬಿಟ್ಟುಬಿಡು ಎಂದು ನಾನು ಗೋಗರೆದದ್ದಕ್ಕೆ ಆಕೆ ಕೊಟ್ಟ ಉತ್ತರ ಇಷ್ಟೇ: "ಉಸಿರು ಹೋದ್ರೆ ನಾನೊಬ್ಳು ಸಾಯ್ತೀನಿ. ಕೆಲ್ಸ ಹೋದ್ರೆ ಒಲೆ ಸಾಯುತ್ತೆ ಕಣೋ."

ಮರುವಾರ ಆಕೆ ತಮ್ಮನ್ನು ಒಣಗಿಸುವ ತಟ್ಟೆಗಳ ಪಕ್ಕದಲ್ಲೇ ಉಸಿರು ಸಿಗದೆ ಕುಸಿದಳು. ಈಗ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊಳವೆಯೊಂದಿಗೆ ಇದ್ದಾಳೆ. ಕಂಪನಿಯೋ, ರೋಗ ಮರೆಮಾಚಿ ತನ್ನನ್ನು ವಂಚಿಸಿದಳೆಂದು ಆಕೆಯ ಮೇಲೇ ಆರೋಪ ಹೊರಿಸಿದೆ. ಅದು ಸಾಬೀತಾದರೆ ಕೆಲಸವೂ ಇಲ್ಲ, ಪರಿಹಾರವೂ ಇಲ್ಲ. ದದ್ದು ಎದ್ದವರಿಗೆ ತಾವಿಲ್ಲದ ಜಾಗದಲ್ಲಿ ಅದೇ ಸಂಬಳದ ಕೆಲಸ ಕೊಟ್ಟಿದ್ದರೆ ಯಾವ ಹುಚ್ಚರು ಮಾತ್ರೆ ನುಂಗುತ್ತಿದ್ದರು ಎಂದು ನಮ್ಮ ಸಂಘ ಕೇಳಿದ್ದಕ್ಕೆ, ಅದು ಬೇರೆ ವಿಷಯ ಎಂದರು ಕಂಪನಿಯವರು.

ಆದ್ದರಿಂದ ಗುರುವಾರ ಒಣಗಿಸುವ ವಿಭಾಗದ ಪಕ್ಕದ ಕೋಣೆಯಲ್ಲಿ ನಡೆಯುವ ವಿಚಾರಣೆಗೆ ತಾವೇ ಸಾಕ್ಷಿಯಾಗಿ ಬರಬೇಕೆಂದು ವಿನಂತಿ. ಪ್ರಮಾಣವಚನ ಬೇಡ, ಕುರ್ಚಿ ಬೇಡ. ಗಾಳಿಯಲ್ಲಿ ಸುಮ್ಮನೆ ತೇಲುತ್ತಿದ್ದರೆ ಸಾಕು. ಯಾರು ಯಾರಿಂದ ಏನನ್ನು ಮುಚ್ಚಿಟ್ಟರೆಂದು ಪೀಠದವರ ಕೆಮ್ಮೇ ಹೇಳುತ್ತದೆ.

ತಮ್ಮ ವಿಶ್ವಾಸಿ, ತಮ್ಮನ್ನು ದಿನವೂ ಒಳಗೆಳೆದುಕೊಳ್ಳುವ,
ಒಬಾಕೆಂಗ್ ಮಾಟ್ಲಾಪೆಂಗ್
ಕಾರ್ಮಿಕ ಸಂಘದ ಪರವಾಗಿ

ತಾ.ಕ.: ಇದೀಗ ಸೂಚನೆ ಬಂತು. ಅಧಿಕಾರಿಗಳ ಆರೋಗ್ಯದ ದೃಷ್ಟಿಯಿಂದ ವಿಚಾರಣೆಯನ್ನು ಪಟ್ಟಣದ ಕಚೇರಿಗೆ ವರ್ಗಾಯಿಸಿದ್ದಾರಂತೆ. ಪಾಳಿ ಮುಗಿದ ಮೇಲೆ ಸ್ನಾನ ಮಾಡಿ, ತಾವು ಮೆತ್ತಿಕೊಂಡಿರುವ ಕೆಲಸದ ಉಡುಪನ್ನು ಒಳಗೇ ಬಿಟ್ಟು ಹೊರಡಬೇಕೆಂಬುದು ಇಲ್ಲಿನ ಕಟ್ಟಳೆ. ಗುರುವಾರ ಅದು ನಮಗೆ ಮರೆತುಹೋಗುವ ಸಂಭವವಿದೆ. ತಾವು ಪ್ರಯಾಣಕ್ಕೆ ಸಿದ್ಧರಾಗಿರಿ.