ಸೊನ್ನೆ ಹೇಳುವ ವಾರ್ಡು

ನೋವು ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಕೇಳಿ ಬರೆದುಕೊಳ್ಳುವುದು ನರ್ಸ್ ವಿಂದಾರ್ತಿಯ ಕೆಲಸ. ಜಾವಾ ದ್ವೀಪದ ಸೊಲೊ ಊರಿನ ಆ ವಾರ್ಡಿನ ಹನ್ನೆರಡು ಹಾಸಿಗೆಗಳಿಂದಲೂ ಮೂರು ದಿನದಿಂದ ಸೊನ್ನೆಯೇ ಬಂದಿತ್ತು.

“ಇದೇನಮ್ಮ, ಆಸ್ಪತ್ರೆನೋ ಛತ್ರನೋ?” ಹಿರಿಯ ನರ್ಸ್ ಬು ಮುರ್ನಿ, ಅಂದರೆ ಮುರ್ನಿ ಅಮ್ಮ, ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದರು. “ಹೊಟ್ಟೆ ಕೊಯ್ಸಿಕೊಂಡ ಕರ್ಸೊ ತಾತನಿಗೂ ಸೊನ್ನೆಯಾ? ನೀನು ಕೇಳ್ದೇನೇ ಬರೀತಿದೀಯ ಅಂತಾರೆ ಡಾಕ್ಟ್ರು. ಸಂಜೆ ರೌಂಡ್ಸಿಗೆ ನಿಜವಾದ ಅಂಕಿ ಇರ್ಲಿ. ಇಲ್ದಿದ್ರೆ ನಾಳೆಯಿಂದ ರೆಕಾರ್ಡ್ ರೂಮಲ್ಲಿ ಕೂತ್ಕೋ.”

ವಿಂದಾರ್ತಿ ಕೇಳದೆ ಬರೆದವಳಲ್ಲ. ತಾತನ ಹಣೆಯಲ್ಲಿ ಬೆವರು ಸಾಲುಗಟ್ಟಿದ್ದರೂ, ಕೇಳಿದಾಗಲೆಲ್ಲ ಅವರು ಮದುವೆಮನೆಯ ಬಾಗಿಲಲ್ಲಿ ನಿಂತ ಯಜಮಾನನಂತೆ ನಗುತ್ತಿದ್ದರು. “ಏನಿಲ್ಲ ಮಗಳೇ. ನೀನು ಊಟ ಮಾಡಿದ್ಯಾ?”

ಪಕ್ಕದ ಹಾಸಿಗೆಯಲ್ಲಿದ್ದ ಗಂಡನನ್ನು ನೋಡಿಕೊಳ್ಳಲು ನೆಲದ ಮೇಲೆ ಚಾಪೆ ಹಾಸಿ ಕೂತಿದ್ದ ಬು ಪೊನಿಯೆಮ್ ಕಡಲೆಕಾಯಿ ಬಿಡಿಸುತ್ತ ಬುದ್ಧಿ ಹೇಳಿದಳು. “ಅಲ್ವೇ ಹುಡುಗಿ, ನೇರ ಕೇಳಿದ್ರೆ ಯಾವ ಮರ್ಯಾದಸ್ಥ ನೋವು ಅಂತಾನೆ? ಸುತ್ತುಬಳಸಿ ಕೇಳು. ಅವ್ರು ಸಾಕಿರೋ ಹಕ್ಕಿ ವಿಷಯ ತೆಗಿ.”

ತೆಗೆದಳು. “ತಾತ, ನಿಮ್ಮ ಹಕ್ಕಿಗೆ ಹೀಗೆ ಹೊಟ್ಟೆ ಕೊಯ್ದಿದ್ರೆ ಅದೇನ್ ಮಾಡ್ತಿತ್ತು?”

“ಪಾಪ, ಹಾಡ್ತಿತ್ತು ಮಗಳೇ. ಡಾಕ್ಟ್ರಿಗೆ ಬೇಜಾರಾಗ್ಬಾರ್ದಲ್ಲ.”

ಅಷ್ಟರಲ್ಲಿ ಉಳಿದ ಚಾಪೆಗಳೂ ಎದ್ದು ಕೂತವು. “ಐದು ಬರ್ಕೋ!” “ಥೂ, ಮುಖ ನೋಡಿದ್ರೆ ಏಳಾದ್ರೂ ಇದೆ!” “ಆರಕ್ಕೆ ಮುಗ್ಸಿ ಅತ್ಲಾಗೆ!” ಬದನೆಕಾಯಿಗೆ ಚೌಕಾಸಿ ಮಾಡುವ ಹಾಗೆ ಎಲ್ಲರೂ ತಾತನ ನೋವಿಗೆ ಬೆಲೆ ಕಟ್ಟಿದರು. ತಾತ ಎಲ್ಲರಿಗೂ ಹೌದೆಂದು ತಲೆಯಾಡಿಸಿದರು.

ವಿಂದಾರ್ತಿಗೆ ಸಾಕಾಯಿತು. ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟಳು. ಕಣ್ಣು ತುಂಬಿ ಬಂತು. “ತಾತ, ನೀವು ಸೊನ್ನೆ ಅಂದಾಗೆಲ್ಲ ನಂಗೆ ನೋವಾಗತ್ತೆ.”

ತಾತ ಅವಳನ್ನೇ ನೋಡಿದರು. ಆಮೇಲೆ, ಕದ್ದು ಸಿಕ್ಕಿಬಿದ್ದವರಂತೆ ಪಿಸುಗುಟ್ಟಿದರು. “ಎಂಟು.”

ಡಾಕ್ಟರು ಓಡಿ ಬಂದು ಪಟ್ಟಿ ಬಿಚ್ಚಿದರು. ಒಳಗೆ ಕೀವು. “ಇನ್ನೊಂದು ದಿನ ಬಿಟ್ಟಿದ್ರೆ ಕಷ್ಟ ಆಗ್ತಿತ್ತು,” ಎಂದು ಗಾಯ ತೊಳೆದು ಇಂಜೆಕ್ಷನ್ ಕೊಟ್ಟರು. ತಾತ ನಿದ್ದೆಹೋದರು, ಮೂರು ದಿನದಲ್ಲಿ ಮೊದಲ ಸಲ ಮುಖದ ಮೇಲೆ ನಗುವಿಲ್ಲದೆ.

“ಭೇಷ್! ಮಿಕ್ಕವ್ರನ್ನೂ ಹೀಗೇ ಕೇಳ್ಕೊಂಡು ಬಾ,” ಎಂದರು ಬು ಮುರ್ನಿ.

ಎರಡನೆಯ ಹಾಸಿಗೆ ಎಂಟು ಅಂದಿತು. ಮೂರನೆಯದೂ ಎಂಟು. ಬರೀ ರಕ್ತಪರೀಕ್ಷೆಗೆ ಬಂದು ಮಲಗಿದ್ದವನೂ ಅವಳ ಕೆಂಪು ಕಣ್ಣು ನೋಡಿ ಎಂಟು ಅಂದ. ರೌಂಡ್ಸಿನ ಹೊತ್ತಿಗೆ ಹಾಳೆಯಲ್ಲಿ ಹನ್ನೆರಡು ಎಂಟುಗಳು ಸಾಲಾಗಿ ನಿಂತಿದ್ದವು.

ಬು ಮುರ್ನಿ ಹಾಳೆಯನ್ನು ನೋಡಿದರು, ಅವಳನ್ನು ನೋಡಿದರು. ರೆಕಾರ್ಡ್ ರೂಮಿನ ಬೀಗದಕೈ ತೆಗೆದು ಅವಳ ಕೈಗಿಟ್ಟರು.

ಯಾರೂ ಕೇಳದಿದ್ದರೂ ಬು ಪೊನಿಯೆಮ್ ಚಾಪೆಯಿಂದಲೇ ಕೈ ಎತ್ತಿದಳು.

“ನಂದೂ ಒಂದು ಎಂಟು ಬರ್ಕೋ ಮಗಳೇ. ಅಳ್ಬೇಡ.”