ಭಂಗಿ ಕುಡಿದ ಎಮ್ಮೆ, ಹೆದರಿದ ಅಳಿಯ

ಸೊಲ್ಲಾಪುರದ ಚಾದರ ವ್ಯಾಪಾರಿಗೆ ಒಂದು ಗ್ಲಾಸು ಭಂಗಿ ಥಂಡಾಯಿಯಿಂದ ತಪ್ಪಿಸಿಕೊಳ್ಳುವುದು ಯಾವ ದೊಡ್ಡ ಕೆಲಸ? ರಣಬಿಸಿಲಲ್ಲಿ ಜನಕ್ಕೆ ಚಾದರ ಹೊದಿಸಿ ಕಳಿಸಿದವನು ನಾನು! ಅದೇ ಧೈರ್ಯದ ಮೇಲೆ ಶಿವರಾತ್ರಿಗೆ ಹೆಂಡತಿ ಮಹಾದೇವಿಯ ತವರು ವಾಗದರಿಗೆ ಹೊರಟೆ.

ಮದುವೆಯಾಗಿ ವರ್ಷಗಳಾದರೂ ನಮಗೆ ಮಕ್ಕಳಿರಲಿಲ್ಲ. ಹಬ್ಬದ ಮರುದಿನವೇ ಇಬ್ಬರಿಗೂ ಹಾರ್ಮೋನ್ ಪರೀಕ್ಷೆ. ಡಾಕ್ಟರಮ್ಮ ನನ್ನತ್ತಲೇ ಬೆರಳು ತೋರಿಸಿ ಎಚ್ಚರಿಸಿದ್ದರು: "ನಮ್ಮ ಮಿದುಳು ತಾನs ಭಂಗಿಯಂಥಾ ರಸ ತಯಾರ ಮಾಡತೈತ್ರಿ. ಮಕ್ಕಳಾಗೂ ಹಾರ್ಮೋನಿಗೆ ಮಿದುಳಿಂದ ಹುಕುಂ ಹೋಗಬೇಕು. ಆ ಹುಕುಂ ಎಷ್ಟ ಬಿಡಬೇಕು, ಎಷ್ಟ ತಡೀಬೇಕು ಅನ್ನೂದು ಆ ರಸ ನೋಡಕೋತೈತಿ. ನೀವು ಹೊರಗಿಂದ ಭಂಗಿ ಹಾಕಿದ್ರ ಹುಕುಂ ಅಲ್ಲೇ ಕಟ್ಟಿಬೀಳತೈತಿ. ಬೆನ್ನೆಲುಬು ಇರೂ ಪ್ರಾಣಿಗೆಲ್ಲಾ ಇದೇ ಕಾಯ್ದೆ!"

ಬೆನ್ನೆಲುಬಿನ ಮಾತು ಬಂದಾಗ ಮಹಾದೇವಿ ನನ್ನನ್ನು ಸಂಶಯದಿಂದ ನೋಡಿದಳು.

ಮಾವನವರ ಮನೆಯಲ್ಲೊಂದು ರೂಢಿ. ಶಿವರಾತ್ರಿಯ ಭಂಗಿ ಥಂಡಾಯಿಯನ್ನು ಅಳಿಯ ಮೊದಲು ಕುಡಿಯಬೇಕು, ಅಲ್ಲಿಯವರೆಗೆ ಬೇರೆ ಯಾರೂ ಮುಟ್ಟುವಂತಿಲ್ಲ. ಅಂಗಳದ ತುಂಬ ಬೀಗರು, ಬಂಧುಗಳು ಬಾಯಿ ಒಣಗಿಸಿಕೊಂಡು ನನ್ನ ಗ್ಲಾಸನ್ನೇ ನೋಡುತ್ತಿದ್ದರು. ಮಹಾದೇವಿ ಅಡುಗೆಮನೆಯಲ್ಲಿದ್ದಳು. ಪರೀಕ್ಷೆಯ ಸಂಗತಿಯನ್ನು ಅಷ್ಟು ಮೀಸೆಗಳ ಮುಂದೆ ಹೇಗೆ ಹೇಳುವುದು! "ಎಮ್ಮಿ ನೋಡಕೋತ ಕುಡೀತೀನ್ರಿ" ಎಂದು ಕೊಟ್ಟಿಗೆಗೆ ನುಸುಳಿ, ಥಂಡಾಯಿಯನ್ನು ಎಮ್ಮೆಯ ಬಕೆಟ್ಟಿಗೆ ಸುರಿದೆ. ಅದು ಒಂದೇ ಉಸಿರಿಗೆ ಹೀರಿ ಮೂತಿ ನೆಕ್ಕಿಕೊಂಡಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಅಷ್ಟರಲ್ಲಿ ಅತ್ತೆ ಬಂದರು. "ಇವತ್ತ ಎಮ್ಮಿ ಬೆದಿಗಿ ಬಂದೈತ್ರಿ. ದನದ ಡಾಕ್ಟರ್ ಗಬ್ಬದ ಸೂಜಿ ಮಾಡಾಕ ಬರಾಕತ್ತಾರ. ಹೋದ ಸಲ ಗಬ್ಬ ನಿಲ್ಲಲಿಲ್ಲ. ಈ ಸಲನೂ ನಿಲ್ಲಲಿಲ್ಲಂದ್ರ ನಿಮ್ಮ ಮಾವಾರು ಮಾರೇಬಿಡ್ತಾರ, ಪಾಪ!"

ಖಾಲಿ ಬಕೆಟ್ಟನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದೆ. ಎಮ್ಮೆಗೂ ಬೆನ್ನೆಲುಬಿದೆ!

ಕಾಲೆಳೆಯುತ್ತ ಅಂಗಳಕ್ಕೆ ಬಂದೆ. ಖಾಲಿ ಗ್ಲಾಸು ಕಂಡು ಮಾವನವರಿಗೆ ಆನಂದವೋ ಆನಂದ. "ಶಾಬ್ಬಾಸ್ ಜಾವಾಯಿಬಾಪು! ಇನ್ನೊಂದ ತೊಗೋರಿ!" ಎಂದು ಅಳಿಯನ ಗ್ಲಾಸು ತುಂಬಿಸಿಕೊಟ್ಟು ಎದುರಿಗೇ ನಿಂತರು. ಬೇಡವೆಂದರೆ ಮೊದಲನೆಯದರ ಗುಟ್ಟು ಹೊರಬೀಳುವುದೇನೋ ಎಂದು ಹೆದರಿ, ಕಣ್ಣು ಮುಚ್ಚಿ ಕುಡಿದುಬಿಟ್ಟೆ.

ಭಂಗಿ ಏರಿದರೆ ಕೆಲವರು ನಗುತ್ತಾರಂತೆ. ನನಗೆ ಏರಿದ್ದು ಭಯ! ನಾಲಿಗೆ ಅಂಗುಳಕ್ಕೆ ಅಂಟಿತು, ಎದೆಬಡಿತ ಪಕ್ಕದವರಿಗೂ ಕೇಳಿಸುತ್ತಿದೆ ಅನ್ನಿಸಿತು. ದನದ ಡಾಕ್ಟರು ಚೀಲ ಹಿಡಿದು ಒಳಗೆ ಬಂದಾಗ, ಸೂಜಿ ನನಗೇ ಎಂದು ತಿಳಿದು ಕಂಬ ತಬ್ಬಿಕೊಂಡು ಕೂಗಿದೆ:

"ಎಮ್ಮಿಗಿ ಭಂಗಿ ಕುಡಿಸೀನ್ರೀ! ಅದರ ಮಿದುಳಿನ ಹುಕುಂ ಬಂದ್ ಆಗೈತಿ! ನಂದೂ ಬಂದ್ ಆಗೈತಿ! ನಾಳೆ ಮಕ್ಕಳಾಗೂ ಪರೀಕ್ಷಾ ಐತ್ರೀ!"

ಯಾವುದನ್ನು ಮುಚ್ಚಿಡಲು ಇಷ್ಟೆಲ್ಲ ಮಾಡಿದೆನೋ ಅದನ್ನೇ ಊರಿಗೆಲ್ಲ ಡಂಗುರ ಸಾರಿದ್ದೆ.

ಡಾಕ್ಟರು ಎಮ್ಮೆಯನ್ನು ಪರೀಕ್ಷಿಸಿದರು. "ಇಷ್ಟ ದೊಡ್ಡ ಜೀವಕ್ಕ ಒಂದ ಗ್ಲಾಸ್ ಏನ್ ಲೆಕ್ಕಾರಿ? ಎಮ್ಮಿ ಆರಾಮ ಐತಿ" ಎಂದು ಸೂಜಿ ಮಾಡಿದರು. ಆಮೇಲೆ ನನ್ನ ಕಣ್ಣು ನೋಡಿ, "ಇವರನ್ನ ಮಾತ್ರ ಮಲಗಸ್ರಿ" ಅಂದರು. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು.

ಕೂಗು ಕೇಳಿ ಅಡುಗೆಮನೆಯಿಂದ ಬಂದಿದ್ದ ಮಹಾದೇವಿ ಮಾತ್ರ ನಗಲಿಲ್ಲ. "ನನ್ನ ಕಿವಿಯಾಗ ಒಂದ ಮಾತ ಅಂದಿದ್ರ, ಅಪ್ಪಗ ನಾನs ಹೇಳತಿದ್ನೆಲ್ರಿ" ಎಂದಳು. ಅವಳ ಕಣ್ಣು ತುಂಬಿತ್ತು. ಆಗ ಆದ ಹೆದರಿಕೆಯ ಮುಂದೆ ಭಂಗಿಯ ಹೆದರಿಕೆ ಏನೂ ಅಲ್ಲ.

ಡಾಕ್ಟರಮ್ಮ ನನಗೆ ಚೆನ್ನಾಗಿ ಬೈದು ಪರೀಕ್ಷೆಯನ್ನು ಮುಂದಕ್ಕೆ ಹಾಕಿದರು. ನಾವು ಇನ್ನೂ ಕಾಯುತ್ತಿದ್ದೇವೆ. ಮೊನ್ನೆ ಅಂಗಡಿಯಲ್ಲಿ ಗಿರಾಕಿಗಳ ನಡುವೆ ಇದ್ದಾಗ ಮಾವನವರ ಫೋನು ಬಂತು. ಗಡಿಬಿಡಿಯಲ್ಲಿ ಎತ್ತುವಾಗ ನನ್ನ ಬೆರಳು ಸ್ಪೀಕರಿನ ಮೇಲೆ ಬಿತ್ತು.

"ಜಾವಾಯಿಬಾಪು, ಎಮ್ಮಿ ಗಬ್ಬ ನಿಂತೈತ್ರೀ! ಹೆದರಬ್ಯಾಡ್ರಿ, ಇನ್ನ ನಿಮ್ಮ ಪಾಳಿ!"